ಕಾಲಿಗೆ ಕಾಣುವ ನೆಲ

ಹೌದು, ಕುರ್ಚಿಯನ್ನು ರಂಗದ ನೆಲಕ್ಕೆ ಬೋಲ್ಟ್ ಹಾಕಿ ಬಿಗಿದವಳು ನಾನೇ. ಮೇಜನ್ನು ಬಿಗಿದವಳೂ ನಾನೇ. ಗೋಡೆ ಪಕ್ಕದ ಟ್ರಂಕನ್ನೂ ಬಿಡಲಿಲ್ಲ. ನಾಟಕದ ನಿರ್ದೇಶಕ ಕುರ್ಚಿಯನ್ನು ಒಂದು ಗೇಣು ಎಡಕ್ಕೆ ಎಳೆಯಲು ಹೋಗಿ, ಅದು ಮಿಸುಕದೆ ತಾನೇ ಮುಗ್ಗರಿಸಿದಾಗ ಎಲ್ಲರೆದುರು ಗಹಗಹಿಸಿ ನಕ್ಕವಳೂ ನಾನೇ. 'ಆ ಯಮ್ಮನಿಗೆ ಟೀವಿ ಸೆಟ್ಟಿನ ಚಾಳಿ ಬಿಟ್ಟಿಲ್ಲ, ವಯಸ್ಸು ಬೇರೆ ಆಯ್ತು' ಎಂದು ಅವನು ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದ್ದು ನನ್ನ ಕಿವಿಗೂ ಬಿದ್ದಿದೆ. ಹೇಳಿಕೊಳ್ಳಲಿ. ಅವನಿಗಿಂತ ದೊಡ್ಡವರ ಬಾಯಿಗೆ ಬಿದ್ದು ಎದ್ದು ಬಂದವಳು ನಾನು.

ಅವನಿಗೆ ನಾನಿಟ್ಟ ಹೆಸರು ಮಫ್ಲರ್. ಸೆಕೆಯಿರಲಿ ಚಳಿಯಿರಲಿ, ಕುತ್ತಿಗೆಗೆ ಒಂದು ಮಫ್ಲರ್ ಸುತ್ತಿಕೊಂಡೇ ಬರುತ್ತಾನೆ. ನಲವತ್ತರ ಆಸುಪಾಸು. ಒಳ್ಳೆಯ ಕೆಲಸಗಾರ, ಸುಳ್ಳು ಯಾಕೆ ಹೇಳಲಿ. ಆದರೆ ಟೀವಿಯಿಂದ ಬಂದವರೆಂದರೆ ಅವನಿಗೆ ಕೆಸರುಗಾಲಲ್ಲಿ ಮನೆಯೊಳಗೆ ಬಂದವರನ್ನು ಕಂಡ ಹಾಗೆ.

"ಮೇಡಂ, ಈ ಕುರ್ಚಿಗೆ ಏನಾಗಿದೆ?" ಎಂದು ಕೇಳಿದ ಆ ದಿನ.

"ಏನೂ ಆಗಿಲ್ಲ. ಗಟ್ಟಿಯಾಗಿದೆ."

"ನಾನು ದಿನಾ ಜಾಗ ಬದಲಾಯಿಸಿ ನೋಡೋನು. ರಿಹರ್ಸಲ್ ಅಂದ್ರೇನೇ ಹುಡುಕೋದು."

"ಧಾರಾಳವಾಗಿ ಹುಡುಕಿ. ಕುರ್ಚಿ ಎಲ್ಲಿದೆ ಅಂತ ಹುಡುಕೋ ಕಷ್ಟವಂತೂ ನಿಮಗಿಲ್ಲ."

ನಟರು ಕಿಸಕ್ಕೆಂದರು. ಅವನು ಹಲ್ಲು ಕಡಿದುಕೊಂಡು ಆಚೆ ಹೋದ. ಅವನಿಗೆ ಗೊತ್ತಿಲ್ಲದೆ ಇದ್ದದ್ದು ಒಂದೇ ಸಂಗತಿ. ಆ ಕುರ್ಚಿ ಒಂದು ಗೇಣು ಸರಿದರೆ ಅವನ ನಾಟಕದ ಮುಖ್ಯ ನಟಿ ಕೂರಲು ಹೋಗಿ ಧೊಪ್ಪನೆ ನೆಲಕ್ಕೆ ಬೀಳುತ್ತಿದ್ದರು. ಯಾಕೆಂದರೆ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆ ನಟಿ ನನ್ನ ಅತ್ತೆ.

ಅತ್ತೆ ಎಂದರೆ ನನ್ನ ಗಂಡನ ತಾಯಿ. ಗಂಡ ಬಿಟ್ಟು ಹೋದ, ಅತ್ತೆ ಉಳಿದರು. ಇದನ್ನು ಹೇಳಿದರೆ ಜನ ನಗುತ್ತಾರೆ. ಆದರೂ ಹೇಳುತ್ತೇನೆ, ಇದನ್ನು ಬಿಟ್ಟು ಮುಂದಿನದನ್ನು ಹೇಳಲು ಬರುವುದಿಲ್ಲ.

ನಾನು ಮೊದಲು ಸಿನಿಮಾ ನಿರ್ದೇಶಕಿ. ಎರಡು ಸಿನಿಮಾ ಮಾಡಿದೆ. ಮೊದಲನೆಯದರಲ್ಲಿ ಅತ್ತೆಯದೇ ಮುಖ್ಯ ಪಾತ್ರ. ಹುಟ್ಟಾ ನಾಟಕದವರು, ಕ್ಯಾಮೆರಾ ಅವರಿಗೆ ಹೊಸದು. ಕ್ಯಾಮೆರಾ ಮುಂದೆ ಹೇಳಿದ ಜಾಗಕ್ಕೆ ಸರಿಯಾಗಿ ನಿಲ್ಲದಿದ್ದರೆ ಮುಖ ಮಸುಕಾಗುತ್ತದೆ. ಅದಕ್ಕೆ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದೆವು. ಅತ್ತೆ ನಡೆದು ಬಂದು, ತಲೆ ತಗ್ಗಿಸಿ ಗುರುತು ಹುಡುಕಿ, ಆಮೇಲೆ ಅಳಲು ಶುರು ಮಾಡುತ್ತಿದ್ದರು. ಬಿದ್ದ ಚಿಲ್ಲರೆ ಹುಡುಕುತ್ತಾ ಅಳುವ ಹಾಗೆ ಕಾಣುತ್ತಿತ್ತು. ಕೊನೆಗೆ ನಾನು ಆ ಜಾಗಕ್ಕೆ ಒಂದು ತೆಳುವಾದ ಮರದ ಪಟ್ಟಿ ಹೊಡೆಸಿದೆ. "ಹೆಬ್ಬೆರಳಿಗೆ ತಾಗಿದ್ರೆ ನಿಲ್ಲಿ, ಕೆಳಗೆ ನೋಡಬೇಡಿ" ಎಂದೆ. ಮತ್ತೆ ಒಂದೇ ಒಂದು ಸಲವೂ ಅವರು ತಪ್ಪಲಿಲ್ಲ. ಸಿನಿಮಾ ಚೆನ್ನಾಗಿ ಓಡಿತು.

ಎರಡನೆಯದರಲ್ಲಿ ಎಡವಟ್ಟಾಯಿತು. ಕಥೆಯ ಕೊನೆಯಲ್ಲಿ ಹೆಂಗಸು ಮನೆ ಬಿಟ್ಟು ಹೋಗುತ್ತಾಳೆ, ತಿರುಗಿ ಬರುವುದಿಲ್ಲ. ಬರಬೇಕು, ಬಂದು ಕ್ಷಮೆ ಕೇಳಬೇಕು ಎಂದ ನಿರ್ಮಾಪಕ. ನಾನು ಕಡ್ಡಿ ಮುರಿದ ಹಾಗೆ ಆಗುವುದಿಲ್ಲ ಎಂದೆ. ಅವನು ನನ್ನನ್ನು ಬಿಟ್ಟು ಆ ದೃಶ್ಯ ತೆಗೆಸಿದ. ಕ್ಯಾಮೆರಾ ಹಿಡಿದು ತೆಗೆದುಕೊಟ್ಟವನು ನನ್ನ ಗಂಡ. ನಾನು ಸಿನಿಮಾದಿಂದ ನನ್ನ ಹೆಸರು ಕಿತ್ತುಕೊಂಡು ಬಂದೆ. ಹೆಸರು ಬಂತು, ಸಿನಿಮಾ ಅಲ್ಲೇ ಉಳಿಯಿತು. ಆ ಹೆಂಗಸು ಇವತ್ತಿಗೂ ಊರೂರಿನ ಪರದೆಯ ಮೇಲೆ ಕ್ಷಮೆ ಕೇಳುತ್ತಲೇ ಇದ್ದಾಳೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಗಂಡನಿಗೆ ಸಿನಿಮಾದ ಮೇಲೆ ಸಿನಿಮಾ ಬಂತು. ಅವನೂ ಹೋದ. ಹೋದ ವಾರದಲ್ಲೇ ಅತ್ತೆ ಒಂದು ಸೂಟ್‌ಕೇಸ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಅವನ ಬಟ್ಟೆ ಕಪಾಟಲ್ಲಿದೆ, ತಗೊಂಡು ಹೋಗಿ" ಎಂದೆ, ಮುಖ ತಿರುಗಿಸಿಕೊಂಡು.

"ಅವನ ಬಟ್ಟೆ ನಾನ್ಯಾಕೆ ಹೊರಲಿ? ಅದನ್ನೆಲ್ಲ ಆಚೆ ಹಾಕು. ಕಪಾಟಲ್ಲಿ ನನ್ನದು ಇಡ್ಬೇಕು."

ಅಂದು ಬಂದವರು ಇಂದಿಗೂ ಇದ್ದಾರೆ. ಹೆತ್ತ ಮಗನನ್ನು ಬಿಟ್ಟು ಸೊಸೆಯ ಮನೆಗೆ ಬಂದವರನ್ನು ನಾನು ಬೇರೆ ಕಂಡಿಲ್ಲ. ಹಾಗಂತ ನಾವು ಹಾಲುಜೇನಿನಂತೆ ಇದ್ದೆವು ಎಂದು ಯಾರೂ ತಿಳಿಯುವುದು ಬೇಡ. ದಿನಕ್ಕೊಂದು ಜಗಳ ಆಗದಿದ್ದರೆ ಇಬ್ಬರಿಗೂ ನಿದ್ದೆ ಹತ್ತುವುದಿಲ್ಲ.

ಸಿನಿಮಾದವರು ಬಾಗಿಲು ಹಾಕಿಕೊಂಡ ಮೇಲೆ ನಾನು ಟೀವಿಗೆ ಹೋದೆ, ಧಾರಾವಾಹಿಗಳಿಗೆ ಮನೆ ಕಟ್ಟುವ ಕೆಲಸಕ್ಕೆ. ಮೂರು ಗೋಡೆಯ ಮನೆಗಳು. ನೀರು ಬಾರದ ನಲ್ಲಿ, ಉರಿಯದ ಒಲೆ, ಎಲ್ಲಿಗೂ ಹೋಗದ ಮೆಟ್ಟಿಲು. ನನ್ನ ಮೆಟ್ಟಿಲನ್ನು ಸಿಡುಕುತ್ತಾ ಹತ್ತಿ ಹೋದ ಸೊಸೆಯರೆಲ್ಲ ಮೇಲೆ ಪ್ಲೈವುಡ್ಡಿನ ಹಿಂದೆ ಕೂತು ಫೋನ್ ನೋಡುತ್ತಿದ್ದರು. ಕುರ್ಚಿ ಮೇಜಿಗೆ ಬೋಲ್ಟ್ ಹಾಕುವುದನ್ನು ಕಲಿತದ್ದು ಅಲ್ಲೇ. ಇವತ್ತು ಅರ್ಧ ತೆಗೆದ ದೃಶ್ಯವನ್ನು ಬರುವ ತಿಂಗಳು ಮುಂದುವರಿಸುತ್ತಾರೆ; ಅಷ್ಟರಲ್ಲಿ ಕುರ್ಚಿ ಒಂಚೂರು ಸರಿದಿದ್ದರೂ ಮನೆಮನೆಯಲ್ಲಿ ಕೂತವರು ಕಂಡುಹಿಡಿದು ಬೈಯುತ್ತಾರೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಅದೇ ಅನ್ನ ತಿಂದೆ. ಆಮೇಲೆ ಸಣ್ಣಪುಟ್ಟ ತಂಡದವರು ನಾಟಕಕ್ಕೆ ರಂಗಸಜ್ಜಿಕೆ ಮಾಡಿಕೊಡಿ ಎಂದು ಬಂದರು. ಮಾಡಿದೆ, ರುಚಿ ಹತ್ತಿತು. ಸಿನಿಮಾದಿಂದ ಟೀವಿಗೆ ಬಿದ್ದಳು, ಟೀವಿಯಿಂದ ನಾಟಕಕ್ಕೆ ಬಿದ್ದಳು ಎಂದು ಆಡಿಕೊಳ್ಳುವವರಿದ್ದಾರೆ. ನಾನೆಲ್ಲಿ ಬಿದ್ದೆ? ಒಂದು ಕಡೆ ಬಾಗಿಲು ಹಾಕಿದರು, ಇನ್ನೊಂದು ಕಡೆ ಗೋಡೆ ಕೊರೆದು ನಾನೇ ಬಾಗಿಲು ಮಾಡಿಕೊಂಡೆ.

ಅತ್ತೆಯ ಕಣ್ಣು ಕೈಕೊಟ್ಟದ್ದು ಎರಡು ವರ್ಷದ ಹಿಂದೆ. ನೋಟದ ನಟ್ಟನಡುವೆ ಒಂದು ಮಬ್ಬು, ಅಂಚಿನಲ್ಲಿ ಒಂದಿಷ್ಟು ಬೆಳಕು. ಇನ್ನು ಮಾಡುವಂಥದ್ದೇನೂ ಇಲ್ಲ ಎಂದರು ಡಾಕ್ಟರು. ರಂಗದ ದೀಪ ಮುಖಕ್ಕೆ ಹೊಡೆದರೆ ಆ ಅಂಚೂ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಮಫ್ಲರ್‌ನ ಕಂಪನಿಯಿಂದ ಕರೆ ಬಂತು. ದೊಡ್ಡ ಕಂಪನಿ, ದೊಡ್ಡ ರಂಗಮಂದಿರ. ಮನೆ ಮಾರಿ ಎಂದು ಮಕ್ಕಳು ದುಂಬಾಲು ಬಿದ್ದರೂ ಜಗ್ಗದ ಒಬ್ಬ ಮುದುಕಿಯ ಪಾತ್ರ. ಮೊದಲಿನಿಂದ ಕೊನೆಯವರೆಗೆ ರಂಗದ ಮೇಲೆ ಅವಳೇ.

"ಈ ಪಾತ್ರ ನಾನು ಬಿಡಲ್ಲ" ಎಂದರು ಅತ್ತೆ.

"ಕಣ್ಣು?"

"ಮಾತು ಹೇಳೋದು ಬಾಯಿ. ಕಣ್ಣಿಗೇನು ಕೆಲಸ?"

"ಅವರಿಗೆ ಒಂದು ಮಾತು ಹೇಳಿಬಿಡೋಣ ಅತ್ತೆ."

"ಹೇಳು, ಹೇಳು. ಅಯ್ಯೋ ಪಾಪ ಅಂತ ಕೈಗೊಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸ್ತಾರೆ. ನೋಡು ಹುಡುಗಿ, ಯಾರ ಹತ್ರಾನಾದ್ರೂ ಬಾಯಿ ಬಿಟ್ಟೆಯೋ, ಇನ್ನು ನಿನ್ನ ಮುಖ ನೋಡಲ್ಲ."

"ಈಗ ಮಾತ್ರ ನೋಡ್ತಿದ್ದೀರಾ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನನಗೆ ಅರವತ್ತು ದಾಟಿದೆ, ಅವರ ಬಾಯಲ್ಲಿ ಮಾತ್ರ ಇನ್ನೂ ಹುಡುಗಿ. ಅಂಥವರು ಕೇಳಿದ್ದು ಒಂದೇ, ರಂಗದ ಮೇಲೆ ನಿಲ್ಲುವುದು. ಅದನ್ನು ಕೊಡಿಸಲಾರದೆ ಹೋದರೆ ಇಷ್ಟು ವರ್ಷ ನಾನು ಕಲಿತ ವಿದ್ಯೆ ಯಾಕೆ, ಒಲೆಗೆ ಹಾಕಲಿಕ್ಕಾ?

ಅತ್ತೆ ಕಂಪನಿಗೆ ಒಂದೇ ಷರತ್ತು ಹಾಕಿದರು: ಸೆಟ್ ನನ್ನ ಸೊಸೆ ಮಾಡಬೇಕು. ಮಫ್ಲರ್‌ಗೆ ನನ್ನ ಮೇಲೆ ಸಿಟ್ಟು ಶುರುವಾದದ್ದೇ ಅಲ್ಲಿಂದ. ಅವನು ಖಾಲಿ ರಂಗ ಬೇಕು, ಹಿಂದೆ ಪರದೆಯ ಮೇಲೆ ಚಿತ್ರ ಓಡಬೇಕು ಎಂದು ಕನಸು ಕಂಡಿದ್ದ. ನಾನು ಗೋಡೆ, ಬಾಗಿಲು, ಕಿಟಕಿ ಇರುವ ಮನೆ ಕಟ್ಟಿ ನಿಲ್ಲಿಸಿದೆ. ನೆಲ ಮಾತ್ರ ಬೇರೆ ಯಾರೂ ಮಾಡದಂಥ ನೆಲ. ಬಾಗಿಲ ಹತ್ತಿರ ಒರಟು ಹಲಗೆ. ಮೇಜಿನ ಸುತ್ತ ಹಲಗೆಗಳು ಅಡ್ಡಡ್ಡ, ಕಿಟಕಿಗೆ ಹೋಗುವ ದಾರಿಯಲ್ಲಿ ಉದ್ದುದ್ದ. ಎಲ್ಲೆಲ್ಲಿ ಅತ್ತೆ ನಿಲ್ಲಬೇಕೋ ತಿರುಗಬೇಕೋ ಅಲ್ಲೆಲ್ಲ ಉಗುರಿನಷ್ಟು ದಪ್ಪದ ಪಟ್ಟಿ. ಮೇಲಿಂದ ಎಲ್ಲಕ್ಕೂ ಒಂದೇ ಗಾಢ ಕಂದು ಬಣ್ಣ ಬಳಿಸಿದೆ. ಮೊದಲ ಸಾಲಿನಲ್ಲಿ ಕೂತವನಿಗೂ ಏನೂ ಕಾಣುವುದಿಲ್ಲ, ಬರಿಗಾಲಿಗೆ ಎಲ್ಲವೂ ಕಾಣುತ್ತದೆ. ಯಾಕೆ ಈ ಪಟ್ಟಿ ಎಂದು ಕೇಳಿದ ಬಡಗಿಗಳಿಗೆ, ಹೆಜ್ಜೆಯ ಸದ್ದು ಚೆನ್ನಾಗಿ ಕೇಳಲಿ ಅಂತ ಎಂದು ಬೂಸಿ ಬಿಟ್ಟೆ.

ಮನೆಯಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ನಾನು ನಾಟಕ ಓದುತ್ತಿದ್ದೆ. ದೊಡ್ಡ ಮಗ, ಚಿಕ್ಕ ಮಗ, ಮನೆ ಕೊಳ್ಳಲು ಬಂದವನು, ಎಲ್ಲ ನಾನೇ. ಅತ್ತೆ ಪಾತ್ರೆ ಒರೆಸುತ್ತಾ ಉತ್ತರ ಕೊಡುತ್ತಿದ್ದರು. "ಚಿಕ್ಕ ಮಗನಿಗೆ ಅಷ್ಟು ಒಳ್ಳೆ ದನಿ ಯಾಕೆ ಕೊಡ್ತೀಯ? ಅವನೂ ಕಳ್ಳನೇ" ಎಂದು ನನಗೇ ನಟನೆ ಕಲಿಸುತ್ತಿದ್ದರು.

ರಿಹರ್ಸಲ್‌ನಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಒಂದು ದಿನ ಮಫ್ಲರ್ ತನ್ನ ಚೀಲವನ್ನು ಬಾಗಿಲ ಬಳಿ ಇಟ್ಟಿದ್ದ. ಅತ್ತೆಯ ಕಾಲಿಗೆ ತೊಡರಿತು. ಬಾಗಿಲ ಚೌಕಟ್ಟು ಹಿಡಿದು ನಿಂತುಕೊಂಡು, "ಯಾವ ಕತ್ತೆ ಇಲ್ಲಿ ಗಂಟು ಇಟ್ಟಿದ್ದು?" ಎಂದು ಗದರಿದರು. ಅವನೇ ಓಡಿ ಬಂದು ಎತ್ತಿಕೊಂಡ. ಅಂದಿನಿಂದ ಅತ್ತೆಗೆ ಹೆದರಿ ಯಾರೂ ರಂಗದ ಮೇಲೆ ಒಂದು ಕಡ್ಡಿ ಸಹ ಇಡಲಿಲ್ಲ.

ಇಷ್ಟೆಲ್ಲ ಬಿಗಿಯಾಗಿ ಮಾಡಿದವಳು ಒಬ್ಬನನ್ನು ಮರೆತಿದ್ದೆ, ನನ್ನ ದೊಡ್ಡ ಬಡಗಿಯನ್ನು. ಟೀವಿಯ ಕಾಲದಿಂದ ನನ್ನ ಜೊತೆ ಇರುವವನು, ಅಕ್ಕಾ ಅಕ್ಕಾ ಎಂದು ಹಿಂದೆಮುಂದೆ ಸುತ್ತುವವನು. ಮಗಳ ಬಾಣಂತನವೆಂದು ರಜೆ ಹಾಕಿ ಹೋಗಿದ್ದ, ಸೆಟ್ ಕಟ್ಟಿದ್ದು ಅವನ ಕೈಕೆಳಗಿನವರು. ಮೊದಲ ಪ್ರದರ್ಶನದ ದಿನ ಮಧ್ಯಾಹ್ನ ನಾನು ರಂಗಮಂದಿರಕ್ಕೆ ಹೋದರೆ ಅವನು ಬಾಗಿಲಲ್ಲೇ ಸಿಕ್ಕಿದ. ಮೈತುಂಬ ಮರದ ಹುಡಿ, ಮುಖದ ತುಂಬ ನಗು.

"ಅಕ್ಕಾ, ನಾನಿಲ್ಲ ಅಂತ ಎಂಥ ಕಚಡಾ ಕೆಲಸ ಮಾಡಿದ್ದಾರೆ ನೋಡಿ ಈ ನನ್ಮಕ್ಕಳು! ನೆಲದ ತುಂಬ ಏರುಪೇರು, ಸಿಕ್ಕಸಿಕ್ಕಲ್ಲಿ ಪಟ್ಟಿ. ಜನ ನೋಡಿದ್ರೆ ಇದು ಯಾರ ಕೈ ಅಂತ ಉಗೀತಾರೆ. ಬೆಳಗ್ಗೆಯಿಂದ ಕೂತು ಎಲ್ಲಾ ಕಿತ್ತು, ತೋಪಡಾ ಹೊಡೆದು ನುಣುಪು ಮಾಡಿ, ಕಂದು ಪಾಲಿಶ್ ಹಾಕಿದ್ದೀನಿ. ಬನ್ನಿ, ಮುಖ ನೋಡ್ಕೋಬಹುದು."

"ಎಷ್ಟು ಕಿತ್ತೆ?"

"ಎಲ್ಲಾ ಅಕ್ಕಾ. ಒಂದೂ ಬಿಟ್ಟಿಲ್ಲ."

ಹೋಗಿ ನೋಡಿದೆ. ನೆಲ ಗಾಜಿನ ಹಾಗೆ ಹೊಳೆಯುತ್ತಿತ್ತು. ಅವನ ಕೈಯಲ್ಲಿ ಅಷ್ಟು ಒಳ್ಳೆಯ ಕೆಲಸ ನಾನು ಹಿಂದೆಂದೂ ಕಂಡಿರಲಿಲ್ಲ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಬಂದರು; ಗೊತ್ತಿರುವ ಆಟೋದವನು ದಿನಾ ಬಾಗಿಲವರೆಗೆ ಬಿಟ್ಟು ಹೋಗುತ್ತಿದ್ದ. ಎಲ್ಲರಿಗಿಂತ ಮೊದಲು ಬಂದು ರಂಗದ ಮೇಲೆ ಒಂದು ಸುತ್ತು ನಡೆದು ನೋಡುವುದು ಅವರ ಅಭ್ಯಾಸ. ಚಪ್ಪಲಿ ಬಿಟ್ಟು, ಬಾಗಿಲಿನಿಂದ ಒಳಗೆ ಕಾಲಿಟ್ಟರು. ಎರಡು ಹೆಜ್ಜೆ ಹಾಕಿ ನಿಂತರು. ಪಾದ ಆಚೆ ಈಚೆ ತಡವಿತು. ಎಲ್ಲಿ ತಡವಿದರೂ ಜಾರುವ ನೆಲ.

"ಇದು ಯಾರ ಮನೆ?" ಎಂದರು.

ಅವರ ದನಿಯಲ್ಲಿ ಹೆದರಿಕೆ ಕೇಳಿದ್ದು ನಾನು ಅದೇ ಮೊದಲು. ಓಡಿಹೋಗಿ ಕೈ ಹಿಡಿದುಕೊಂಡೆ. ಬಡಗಿ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದ. ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ಅವನಿಗೆ ಎಲ್ಲ ಹೇಳಿದೆ. ಅವನ ದನಿ ಅಳುವ ಹಾಗಾಯಿತು.

"ನನಗೊಂದು ಮಾತು ಹೇಳಬಾರದಿತ್ತಾ ಅಕ್ಕಾ? ಇಷ್ಟು ವರ್ಷ ಜೊತೇಲಿ ಉಂಡು ತಿಂದು..."

"ಅವಳನ್ನ ಬೈಬೇಡಪ್ಪ" ಎಂದರು ಅತ್ತೆ. "ಅವಳ ಬಾಯಿಗೆ ಹೊಲಿಗೆ ಹಾಕಿದವಳು ನಾನು. ಈಗ ಅಳೋದು ಬಿಟ್ಟು ಸುತ್ತಿಗೆ ಹುಡುಕು."

ಹಳೆಯ ಪಟ್ಟಿಗಳೆಲ್ಲ ಚೂರಾಗಿದ್ದವು. ಅವನು ಗೋದಾಮಿನಿಂದ ಹೊಸ ಮರ ಸೀಳಿ ತಂದ. ಬಿಳಿಚಿಕೊಂಡ ಹಸಿ ಮರ. ಬಣ್ಣ ಬಳಿದರೆ ಒಣಗಲು ಹೊತ್ತಿಲ್ಲ. ಆದದ್ದಾಗಲಿ ಎಂದು ಹಾಗೇ ಹೊಡೆಯಲು ಶುರು ಮಾಡಿದೆವು. ಅತ್ತೆ ಕುರ್ಚಿಯ ಬೆನ್ನು ಹಿಡಿದು ದಿಕ್ಕು ಹೇಳುತ್ತಿದ್ದರು. "ಇಲ್ಲಿ. ಇನ್ನೊಂಚೂರು ಆಚೆ. ಹಾಂ, ಹೊಡಿ." ಅರ್ಧ ಮುಗಿದಿರಬೇಕು, ಮಫ್ಲರ್ ನಟರ ದಂಡು ಕಟ್ಟಿಕೊಂಡು ಒಳಗೆ ಬಂದ.

"ಏನ್ರೀ ಇದು! ಇನ್ನೇನು ಜನ ಬರೋ ಹೊತ್ತು, ನೆಲಕ್ಕೆ ಮೊಳೆ ಹೊಡೀತಾ ಕೂತಿದ್ದೀರಾ?"

ಸದ್ದಿಗೆ, ಹೆಜ್ಜೆಯ ಸದ್ದಿಗೆ ಎಂದು ನಾನು ತೊದಲಿದೆ. ಅತ್ತೆ ನನ್ನ ಭುಜದ ಮೇಲೆ ಕೈಯಿಟ್ಟು ಸುಮ್ಮನಾಗಿಸಿದರು.

"ನನಗೆ ಕಣ್ಣು ಕಾಣಲ್ಲ ಕಣಯ್ಯ. ಏನೀಗ?"

ಅವನು ತಮಾಷೆ ಎಂದುಕೊಂಡು ನಕ್ಕ. ಬೇರೆ ಯಾರೂ ನಗಲಿಲ್ಲ. ಹತ್ತಿರ ಬಂದು, ಸದ್ದಿಲ್ಲದೆ ಅವರ ಮುಖದ ಮುಂದೆ ಕೈ ಆಡಿಸಿದ. ಅತ್ತೆಯ ರೆಪ್ಪೆ ಮಿಟುಕಲಿಲ್ಲ.

"ಗಾಳಿ ಬರ್ತಿದೆ. ಸೆಕೆ ಇದೆ, ಇನ್ನೂ ಸ್ವಲ್ಪ ಬೀಸು" ಎಂದರು.

ಅವನು ಕೈ ಎಳೆದುಕೊಂಡ. "ಇಷ್ಟು ದಿನ ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಿದ್ರಲ್ಲಮ್ಮಾ?"

"ನಿನ್ನ ದನಿ ಇರೋ ಕಡೆ ಮುಖ ತಿರುಗಿಸ್ತಿದ್ದೆ. ಎಷ್ಟು ಚೆನ್ನಾಗಿ ನೋಡ್ತೀರಿ ಅಂತ ನೀನೇ ಹೊಗಳಿದ್ದೆ."

ಮಫ್ಲರ್ ಕೆಟ್ಟವನಲ್ಲ, ಹೆದರಿದ, ಅಷ್ಟೇ. ಬಿದ್ದರೆ ಗತಿಯೇನು, ಸೊಂಟ ಮುರಿದರೆ ಯಾರು ಹೊಣೆ, ಪತ್ರಿಕೆಯವರು ಸುಮ್ಮನಿರುತ್ತಾರಾ ಎಂದೆಲ್ಲ ಬಡಬಡಿಸಿದ. ಆಮೇಲೆ ಜೇಬಿನಿಂದ ಫೋನ್ ತೆಗೆದ. "ಈ ಪಾತ್ರಕ್ಕೆ ಇನ್ನೊಬ್ಬರನ್ನ ತಯಾರು ಮಾಡಿಟ್ಟಿದ್ದೀನಿ, ಮಾತೆಲ್ಲ ಬಾಯಿಪಾಠ ಇದೆ. ಅವರನ್ನ ಕರೆಸ್ತೀನಿ. ಅಮ್ಮಾ, ನೀವು ದಯವಿಟ್ಟು ಮನೆಗೆ ಹೋಗಿ ರೆಸ್ಟ್ ತಗೊಳ್ಳಿ."

ದಯವಿಟ್ಟು ಮನೆಗೆ ಹೋಗಿ. ಆ ಮಾತು ಕೇಳಿದ್ದೇ ತಡ, ಉಪಕರಣದ ಚೀಲದಿಂದ ಸ್ಪ್ಯಾನರ್ ತೆಗೆದುಕೊಂಡು ಕುರ್ಚಿಯ ಬುಡದಲ್ಲಿ ಮಂಡಿಯೂರಿ ಕೂತೆ.

"ಏನ್ ಮಾಡ್ತಿದ್ದೀರಿ ಮೇಡಂ?"

"ಕುರ್ಚಿ ಬಿಚ್ತಿದ್ದೀನಿ. ಬಹಳ ದಿನದಿಂದ ಕೇಳ್ತಿದ್ರಲ್ಲ."

"ಈಗ ಯಾಕೆ?"

"ಕುರ್ಚಿ ಆದ ಮೇಲೆ ಮೇಜು. ಆಮೇಲೆ ಟ್ರಂಕು, ಬಾಗಿಲು, ಗೋಡೆ. ಇದು ಇವರಿಗೆ ಅಂತ ಕಟ್ಟಿದ ಮನೆ. ಇವರು ಇಳಿದ್ರೆ ಮನೇನೂ ಇಳಿಯುತ್ತೆ. ನಿಮಗೆ ಖಾಲಿ ರಂಗ ಬೇಕಿತ್ತಲ್ಲ? ತಗೊಳ್ಳಿ, ಖಾಲಿ ರಂಗ."

"ಇದು ಕಂಪನಿಯ ಸೆಟ್ಟು! ನೀವು ಹೀಗೆಲ್ಲ ಮಾಡೋ ಹಾಗಿಲ್ಲ!"

"ಕೇಸ್ ಹಾಕಿ."

ಮೊದಲ ಬೋಲ್ಟ್ ಕಳಚಿ ಠಣ್ಣೆಂದು ಬಿತ್ತು. ಹಿಂದಿನಿಂದ ಇನ್ನೊಂದು ಸದ್ದು ಬಂತು. ತಿರುಗಿ ನೋಡಿದರೆ ಬಡಗಿ ತುಟಿ ಪಿಟಕ್ಕೆನ್ನದೆ ಬಾಗಿಲಿನ ಕೀಲು ಬಿಚ್ಚುತ್ತಿದ್ದ. ಟೀವಿಯಲ್ಲಿ ಕಟ್ಟಿದ ಮನೆ ಬಿಚ್ಚಿ ಲಾರಿಗೆ ಹೇರಲು ನಮ್ಮಿಬ್ಬರಿಗೆ ಒಂದು ಊಟದ ಹೊತ್ತು ಸಾಕಾಗುತ್ತಿತ್ತು.

ಅಂದು ನನ್ನ ಸಿನಿಮಾ ಕಿತ್ತುಕೊಂಡಾಗ ಹೆಸರು ತೆಗೆಯುವುದು ಬಿಟ್ಟು ಬೇರೇನೂ ನನ್ನ ಕೈಯಲ್ಲಿ ಇರಲಿಲ್ಲ. ಇಂದು ಸ್ಪ್ಯಾನರ್ ಇತ್ತು.

ಎರಡನೆಯ ಬೋಲ್ಟೂ ಬಿತ್ತು. ದೊಡ್ಡ ಮಗನ ಪಾತ್ರ ಮಾಡುವ ನಟ, ದಿನವೂ ಅತ್ತೆಯಿಂದ ರಂಗದ ಮೇಲೆ ಬೈಸಿಕೊಳ್ಳುವವನು, ಒಂದು ಪಟ್ಟಿ ಎತ್ತಿಕೊಂಡು ಮಫ್ಲರ್ ಹತ್ತಿರ ಹೋದ. "ಸಾರ್, ನನಗೆ ಇವರ ಹತ್ರಾನೇ ಬೈಸಿಕೊಂಡು ಅಭ್ಯಾಸ. ಇದನ್ನ ಎಲ್ಲಿ ಹೊಡೀಬೇಕು, ಹೇಳಿ" ಎಂದ.

ಮಫ್ಲರ್ ಟ್ರಂಕಿನ ಮೇಲೆ ಕುಸಿದು ಕೂತ. "ಬಿದ್ರೆ?" ಎಂದ ಮತ್ತೆ, ಈ ಸಲ ಅತ್ತೆಯ ಕಡೆ ತಿರುಗಿ.

"ಬಿದ್ರೆ ಏಳ್ತೀನಿ. ನಾಟಕದ ಮುದುಕಿ ಎಪ್ಪತ್ತು ವರ್ಷ ಬೀಳದೇನೇ ಬದುಕಿದ್ಲು ಅಂದ್ಕೊಂಡಿದ್ದೀಯಾ?"

ಅವನು ಫೋನನ್ನು ಜೇಬಿಗೆ ಹಾಕಿದ. ನೆಲ ನೋಡುತ್ತಾ ಗೊಣಗಿದ: "ಬಿಳೀ ಪಟ್ಟಿ ಎಲ್ಲಾ ಜನಕ್ಕೆ ಕಾಣುತ್ತಲ್ಲ."

"ಕಾಣಲಿ" ಎಂದೆ. ಬೋಲ್ಟುಗಳನ್ನು ಎತ್ತಿಕೊಂಡು ಮತ್ತೆ ಕುರ್ಚಿ ಬಿಗಿದೆ. ಬಡಗಿ ಬಾಗಿಲನ್ನು ಮತ್ತೆ ಕೀಲಿಗೆ ಕೂರಿಸಿದ. ಆ ಸಂಜೆ ನಿರ್ದೇಶಕನಿಂದ ಹಿಡಿದು ಎಲ್ಲರೂ ನೆಲದ ಮೇಲೆ ಕೂತು ಮೊಳೆ ಹೊಡೆದರು. ಮಫ್ಲರ್ ತನ್ನ ಹೆಬ್ಬೆರಳಿಗೇ ಒಂದು ಏಟು ಹಾಕಿಕೊಂಡ. ನನಗೆ ಸಂತೋಷವಾಯಿತು, ಯಾಕೆ ಸುಳ್ಳು ಹೇಳಲಿ.

ಬೆಲ್ ಹೊಡೆಯಿತು. ತುಂಬಿದ ಸಭೆ. ನಾನು ಪಕ್ಕದ ಪರದೆಯ ಮರೆಯಲ್ಲಿ ನಿಂತೆ. ಕಂದು ನೆಲದ ಮೇಲೆ ಬಿಳಿ ಪಟ್ಟಿಗಳು ಎಲುಬಿನ ಹಾಗೆ ಎದ್ದು ಕಾಣುತ್ತಿದ್ದವು. ಅತ್ತೆ ಬಂದರು. ಹೆಬ್ಬೆರಳು ಪಟ್ಟಿಗೆ ತಾಗಿತು, ನಿಂತರು. ಮಾತು ಶುರುವಾಯಿತು. ಅಲ್ಲಿಂದ ಮುಂದೆ ಒಂದು ಹೆಜ್ಜೆಯೂ ತಪ್ಪಲಿಲ್ಲ. ಕಿಟಕಿಗೆ ಹೋದರು, ಮೇಜಿಗೆ ಬಂದರು, ದೊಡ್ಡ ಮಗನ ಕೆನ್ನೆಗೆ ಬಾರಿಸಬೇಕಾದ ಕಡೆ ಸರಿಯಾಗಿ ಬಾರಿಸಿದರು. ಸ್ವಲ್ಪ ಜೋರಾಗಿಯೇ.

ಕೊನೆಯ ದೃಶ್ಯ. ಮಕ್ಕಳನ್ನು ಆಚೆ ಕಳಿಸಿ ಮುದುಕಿ ಬಾಗಿಲು ಹಾಕುತ್ತಾಳೆ, ಕುರ್ಚಿಗೆ ಬಂದು ಕೂರುತ್ತಾಳೆ, 'ಮಾರಲ್ಲ' ಎನ್ನುತ್ತಾಳೆ. ದೀಪ ಆರುತ್ತದೆ. ಅತ್ತೆ ಬಾಗಿಲು ಹಾಕಿದರು. ಕುರ್ಚಿಯ ಹತ್ತಿರ ಬಂದು ಬೆನ್ನಿನ ಮೇಲೆ ಕೈಯಿಟ್ಟರು. ಉಸ್ಸೆಂದು ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅವರು ಕೈ ತೆಗೆದರು. ಕೂರಲಿಲ್ಲ. ಕೊನೆಯ ಪಟ್ಟಿ ದಾಟಿ ಮುಂದಕ್ಕೆ ಹೆಜ್ಜೆ ಹಾಕಿದರು.

ಅಲ್ಲಿ ನಾನು ಏನೂ ಹೊಡೆದಿರಲಿಲ್ಲ. ನಾಟಕದಲ್ಲಿ ಆ ಕಡೆಗೆ ಯಾರೂ ಬರುವುದೇ ಇಲ್ಲ. ಬರೀ ನುಣ್ಣನೆಯ ನೆಲ, ಅದು ಮುಗಿದ ಕಡೆ ಎದೆಯುದ್ದದ ತಗ್ಗು, ತಗ್ಗಿನಾಚೆ ಮೊದಲ ಸಾಲು. ಕೂಗಿದರೆ ನಾಟಕ ಹಾಳು. ಓಡಿಹೋಗಿ ಹಿಡಿದರೂ ಹಾಳು. ಹೆದರಿಕೆಯ ಜೊತೆಗೆ ಕೆಂಡದಂಥ ಕೋಪವೂ ಬಂತು, ಈ ಮುದುಕಿಯನ್ನು ನಾನೇ ಕೊಂದುಬಿಡುತ್ತೇನೆ ಎನಿಸಿತು. ಅವರು ಮೆಲ್ಲಗೆ ಸಹ ನಡೆಯಲಿಲ್ಲ, ತಮ್ಮ ಮನೆಯ ಅಂಗಳದಲ್ಲಿ ನಡೆದ ಹಾಗೆ ನಡೆದರು. ಮೊದಲ ಸಾಲಿನ ಹೆಂಗಸೊಬ್ಬಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಸಭೆಗೆ ಸಭೆಯೇ ಉಸಿರು ಹಿಡಿಯಿತು. ಅತ್ತೆ ಅಲ್ಲಿ ನಿಂತರು. ಕಾಲ್ಬೆರಳುಗಳು ಅಂಚಿನಾಚೆ ಗಾಳಿಯಲ್ಲಿದ್ದವು.

"ಮಾರಲ್ಲ" ಎಂದರು.

ದೀಪದವನು ಖಾಲಿ ಕುರ್ಚಿಯ ಮೇಲಿದ್ದ ಬೆಳಕನ್ನು ಆರಿಸುವುದನ್ನೂ ಮರೆತು ನಿಂತಿದ್ದ. ಆಮೇಲೆ ಚಪ್ಪಾಳೆ ಶುರುವಾಯಿತು. ಅದು ಎಷ್ಟು ಹೊತ್ತು ನಡೆಯಿತೋ, ನನಗೆ ಕಿವಿಯೇ ಕೇಳಿಸುತ್ತಿರಲಿಲ್ಲ.

ಬಣ್ಣದ ಕೋಣೆಗೆ ಮಫ್ಲರ್ ಕಣ್ಣು ಒರೆಸಿಕೊಳ್ಳುತ್ತಾ ಬಂದ. ಕೊನೆಯಲ್ಲಿ ಅಂಚಿನವರೆಗೆ ಬಂದದ್ದನ್ನು ಹಾಗೇ ಇಟ್ಟುಕೊಳ್ಳೋಣ ಎಂದ. ಆಮೇಲೆ ಪತ್ರಿಕೆಯವರಿಗೆ ಅದು ತನ್ನದೇ ಕಲ್ಪನೆ ಎಂದೂ ಹೇಳಿಕೊಂಡ. ಇಟ್ಟುಕೊಳ್ಳಲಿ ಪಾಪ. ಅವನು ಆಚೆ ಹೋದ ಮೇಲೆ ಬಾಗಿಲು ಹಾಕಿ ನಾನು ಅತ್ತೆಯ ಮೇಲೆ ಹರಿಹಾಯ್ದೆ.

"ನಿಮಗೇನು ಬುದ್ಧಿಗಿದ್ದಿ ಇದೆಯಾ? ಇನ್ನೊಂದು ಹೆಜ್ಜೆ ಇಟ್ಟಿದ್ರೆ ಏನಾಗ್ತಿತ್ತು? ಅಷ್ಟೆಲ್ಲ ಪಟ್ಟಿ ಹೊಡೆದಿದ್ದು ಯಾಕೆ?"

ಅವರು ಕನ್ನಡಿಯ ಕಡೆಗೆ ಮುಖ ಮಾಡಿ ಹತ್ತಿಯಿಂದ ಬಣ್ಣ ಒರೆಸಿಕೊಳ್ಳುತ್ತಿದ್ದರು. "ಜನ ಎಲ್ಲಾ ಒಟ್ಟಿಗೆ ಉಸಿರು ಹಿಡಿದ್ರಲ್ಲ, ಅಂಚು ಬಂತು ಅಂತ ಗೊತ್ತಾಯ್ತು. ನಿಂತೆ."

"ಅವರು ಹಿಡಿಯದೆ ಇದ್ದಿದ್ರೆ?"

"ಅದಿರಲಿ. ನೀನು ಅಲ್ಲಿ ಯಾಕೆ ಪಟ್ಟಿ ಹೊಡೆದಿರಲಿಲ್ಲ?"

"ಯಾಕೆ ಅಂದ್ರೆ? ನೀವು ಅಲ್ಲಿಗೆ ಹೋಗೋ ಹಾಗಿರಲಿಲ್ಲ."

"ಹಾಗಂತ ಯಾರು ಹೇಳಿದ್ದು?"

ಆ ರಾತ್ರಿ ಜಗಳ ಮುಗಿಸದೆ ಮಲಗಿದೆವು. ನಿದ್ದೆಯಂತೂ ಬರಲಿಲ್ಲ.

ಮರುದಿನ ಬೆಳಗ್ಗೆ ಬಡಗಿಯನ್ನು ಕರೆದುಕೊಂಡು ರಂಗಮಂದಿರಕ್ಕೆ ಹೋದೆ. ರಂಗದ ಮುಂಭಾಗದಲ್ಲಿ, ಅಂಚಿಗಿಂತ ಒಂದಷ್ಟು ಹಿಂದೆ, ಉದ್ದಕ್ಕೂ ಒಂದು ಪಟ್ಟಿ ಹೊಡೆಸಿದೆ. ಇನ್ನು ಎಷ್ಟು ಬೇಕಾದರೂ ಮುಂದೆ ಬರಲಿ, ಇದು ತಾಗಿದರೆ ನಿಲ್ಲುತ್ತಾರೆ ಎಂದು ನೆಮ್ಮದಿಯಾಯಿತು. ಅಷ್ಟು ಹೊತ್ತಿಗೆ ಅತ್ತೆ ಬಂದರು.

"ಅದೇನು ಬಡಿಯೋ ಸದ್ದು?"

"ಅಂಚಿಗೊಂದು ಪಟ್ಟಿ. ಬಂದು ನೋಡಿ."

ಚಪ್ಪಲಿ ಬಿಟ್ಟು ಬಂದರು. ಹೆಬ್ಬೆರಳಿನಿಂದ ಪಟ್ಟಿಯನ್ನು ಸವರಿದರು. ಸರಿ ಎನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರ ಕಾಲು ಪಟ್ಟಿಯನ್ನು ದಾಟಿತು, ಆಚೆಯ ನೆಲದ ಮೇಲೆ ಮೆಲ್ಲಗೆ ಜಾರಿ, ನೆಲ ಮುಗಿಯುವವರೆಗೂ ಹೋಗಿ, ಅಳೆದು ವಾಪಸು ಬಂತು.

"ಇನ್ನೂ ಒಂದು ಪಾದದಷ್ಟು ನೆಲ ಇದೆಯಲ್ಲೇ. ಅದನ್ನ ಯಾರಿಗೆ ಉಳಿಸಿದ್ದೀಯ?"

ಬಡಗಿ ಸುತ್ತಿಗೆ ಹಿಡಿದುಕೊಂಡು ನನ್ನ ಮುಖ ನೋಡಿದ. ನನಗೆ ಹೆದರಿಕೆಯಿತ್ತು. ಈಗಲೂ ಇದೆ, ಪ್ರತಿ ಪ್ರದರ್ಶನದಲ್ಲೂ ಆ ಪರದೆಯ ಮರೆಯಲ್ಲಿ ನಿಂತು ಬೆವರುತ್ತೇನೆ.

"ಕೀಳಪ್ಪ" ಎಂದೆ.

ಅವನು ಕಿತ್ತ. ನಾನು ಅವನ ಕೈಯಿಂದ ಸುತ್ತಿಗೆ ಇಸಿದುಕೊಂಡು, ಹಲಗೆ ಮುಗಿಯುವ ತುತ್ತತುದಿಗೆ ಪಟ್ಟಿಯಿಟ್ಟು ನಾನೇ ಮೊಳೆ ಹೊಡೆದೆ.